ಹಳದಿ ತಿರುಗಿದ ಹಳೇ ಕಂಪ್ಯೂಟರ್: ಮೊದಲು ಒಳಗಿನ ಬಣ್ಣ ನೋಡಿ

ಹೋದ ಸಲ ಹಳೇ ಕಂಪ್ಯೂಟರ್ ರಿಪೇರಿ ಬಗ್ಗೆ ಒಂದೆರಡು ಪ್ರಶ್ನೆಗೆ ಉತ್ತರ ಬರ್ದಿದ್ದೆ. ಅದಾದ್ಮೇಲೆ ಬಂದಿರೋ ಪತ್ರಗಳಲ್ಲಿ ಹೆಚ್ಚಿನವರು ಕೇಳಿರೋದು ಒಳಗಿನ ಬೋರ್ಡ್ ಬಗ್ಗೆ ಅಲ್ಲ, ಹಳದಿ ಆಗಿರೋ ಕವರ್ ಬಗ್ಗೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಸಾರ್, ನಮ್ಮಪ್ಪ ಬಳಸ್ತಿದ್ದ ಅಮಿಗಾ 500 ಕಂಪ್ಯೂಟರ್ ಅಟ್ಟದ ಮೇಲೆ ಸಿಕ್ತು. ಇಷ್ಟು ವರ್ಷ ಡಬ್ಬದ ಒಳಗೇ ಇತ್ತು, ಬಿಸಿಲು ಸೋಕಿಲ್ಲ, ಆದ್ರೂ ಪೂರ್ತಿ ಹಳದಿ ಆಗಿದೆ. ಸೋಪು ಹಾಕಿ ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ಇದು ಕೊಳೆನಾ, ಬೇರೆ ಏನಾದ್ರೂನಾ?

ಉತ್ತರ: ಕೊಳೆ ಅಲ್ಲ, ಪ್ಲಾಸ್ಟಿಕ್ಕೇ ಹಳದಿ ಆಗಿದೆ, ಅದಕ್ಕೇ ಸೋಪಿಗೆ ಬಗ್ತಿಲ್ಲ. ನೀವು ಮೊದಲು ಒಂದು ಕೆಲ್ಸ ಮಾಡಿ, ಕೀಬೋರ್ಡಿಂದ ಒಂದು ಕೀ ಮೆಲ್ಲಗೆ ಎತ್ತಿ ಅದರ ಬುಡ ನೋಡಿ. ಪಕ್ಕದ ಕೀಗಳು ಮರೆ ಮಾಡಿದ್ದ ಕೆಳಗಿನ ಅಂಚು ಹೊಸದಿದ್ದಾಗ ಹೆಂಗಿತ್ತೋ ಹಂಗೇ ಇರತ್ತೆ, ಮೇಲಕ್ಕೆ ಬರ್ತಾ ಬರ್ತಾ ಹಳದಿ ಏರಿರತ್ತೆ, ಕೆಲವು ಕೀಗಳಲ್ಲಿ ನಡುವೆ ಗೆರೆ ಎಳೆದ ಹಾಗೆ ಕಾಣತ್ತೆ. ಕವರ್ ಬಿಚ್ಚಿದ್ರೆ ಒಳಮೈಲೂ ಅದೇ ಬಣ್ಣ ಸಿಗತ್ತೆ. ಆ ಬಣ್ಣವೇ ನಿಮ್ಮ ಗುರಿ, ಅದಕ್ಕಿಂತ ಒಂಚೂರೂ ಮುಂದೆ ಹೋಗ್ಬಾರ್ದು. ಈ ಕೆಲ್ಸಕ್ಕೆ ಕೈ ಹಾಕೋರು ಬಹಳಷ್ಟು ಜನ ಎಡವೋದು ಇಲ್ಲೇ, ಬಿಳಿ ಮಾಡ್ಬೇಕು ಅಂತ ಹೊರಡ್ತಾರೆ, ಆದ್ರೆ ಆ ಕಾಲದ ಮಷಿನ್ನುಗಳಲ್ಲಿ ಹೆಚ್ಚಿನವು ಬಿಳಿ ಇರ್ಲೇ ಇಲ್ಲ. 1984ರ ಆಪಲ್‌ನವರ ಮೊದಲ ಮ್ಯಾಕಿಂಟಾಷ್ ಬೀಜ್, ಅಂದ್ರೆ ಮಾಸಲು ಕೆನೆ ಬಣ್ಣದ್ದು, 1987ರಲ್ಲಿ ಆಪಲ್‌ನವರು ಪ್ಲಾಟಿನಂ ಅಂತ ಕರೆದ ತಿಳಿಬೂದು ಬಣ್ಣ ಮ್ಯಾಕಿಗೆ ಬಂತು, 1982ರ ಕಮೋಡೋರ್ 64 ಅಂತೂ ಕಂದು ಬಣ್ಣದ್ದೇ. ಇವನ್ನೆಲ್ಲ ಹಾಲಿನ ಹಾಗೆ ಬೆಳ್ಳಗೆ ಮಾಡಿಟ್ರೆ ಅದು ರಿಪೇರಿ ಆಗಲ್ಲ, ಬೇರೆ ಮಷಿನ್ ಆಗತ್ತೆ.

ಇನ್ನು ಡಬ್ಬದೊಳಗಿದ್ರೂ ಯಾಕೆ ಹಳದಿ ಆಯ್ತು ಅಂತ. ಈ ಕವರ್‌ಗಳಲ್ಲಿ ಹೆಚ್ಚಿನವು ಎಬಿಎಸ್ ಪ್ಲಾಸ್ಟಿಕ್, ಅಂದ್ರೆ ಅಕ್ರಿಲೋನೈಟ್ರೈಲ್, ಬ್ಯುಟಾಡೈನ್, ಸ್ಟೈರೀನ್ ಮೂರೂ ಸೇರಿ ಆಗಿರೋದು. ಇದರಲ್ಲಿ ಬ್ಯುಟಾಡೈನ್ ರಬ್ಬರಿನಂಥ ಭಾಗ, ಪೆಟ್ಟು ಬಿದ್ರೂ ಕವರ್ ಒಡೀದೇ ಇರೋದು ಅದರಿಂದ್ಲೇ, ಆದ್ರೆ ಅದರ ಸರಪಳಿಲಿ ಡಬಲ್ ಬಾಂಡ್‌ಗಳು ಇರೋದ್ರಿಂದ ಗಾಳಿಯ ಆಕ್ಸಿಜನ್ ಮೊದಲು ಕೈ ಹಾಕೋದೂ ಅದಕ್ಕೇ. ಹಂಗೆ ಆಕ್ಸಿಜನ್ ಸೇರ್ತಾ ಸೇರ್ತಾ ನೀಲಿ ಬೆಳಕನ್ನ ಹೀರ್ಕೊಳ್ಳೋ ರಚನೆಗಳು ಹುಟ್ಕೊಳ್ತವೆ, ನೀಲಿ ಹೋದ ಮೇಲೆ ಕಣ್ಣಿಗೆ ಉಳಿಯೋದು ಹಳದಿ. ಅಲ್ಟ್ರಾವಯಲೆಟ್ ಬೆಳಕು ಬಿದ್ರೆ ಇದು ಬೇಗ, ಸೆಖೆ ಇದ್ರೂ ಬೇಗ, ಎರಡೂ ಇಲ್ದಿದ್ರೆ ನಿಧಾನ, ಆದ್ರೆ ನಿಲ್ಲೋದಿಲ್ಲ. ಅಟ್ಟದ ಮೇಲೆ ಸೆಖೆಗೆ ಕೊರತೆ ಇರಲ್ಲ ನೋಡಿ.

ಬೆಂಕಿ ಹತ್ತದಿರಲಿ ಅಂತ ಸೇರಿಸ್ತಿದ್ದ ಬ್ರೋಮಿನ್ ಇರೋ ರಾಸಾಯನಿಕವೇ ಎಲ್ಲಕ್ಕೂ ಕಾರಣ ಅಂತ ತುಂಬಾ ಕಡೆ ಓದಿರ್ತೀರ. ಅದರ ಪಾತ್ರ ಇರ್ಬಹುದು, ಆದ್ರೆ ಎಬಿಎಸ್ ತಾನೇ ತಾನಾಗಿ ಹಳದಿ ಆಗೋ ಪ್ಲಾಸ್ಟಿಕ್, ಮಕ್ಕಳು ಜೋಡಿಸಿ ಆಡೋ ಲೆಗೊ ಇಟ್ಟಿಗೆಗಳೂ ಎಬಿಎಸ್ಸೇ, ಬಿಳಿ ಇಟ್ಟಿಗೆ ಬಿಸಿಲಲ್ಲಿ ಬಿದ್ದಿದ್ರೆ ಅದೂ ಹಳದಿ ಆಗತ್ತೆ. ಒಂದೊಂದು ಬ್ಯಾಚಿನ ಪ್ಲಾಸ್ಟಿಕ್ಕಿಗೆ ಬೆರೆಸಿದ್ದು ಬೇರೆ ಬೇರೆ ಆದ್ರೆ ಏನಾಗತ್ತೆ ಅನ್ನೋದನ್ನ ನೋಡ್ಬೇಕಂದ್ರೆ ಸೂಪರ್ ನಿಂಟೆಂಡೊ ಅನ್ನೋ ವಿಡಿಯೋ ಗೇಮ್ ಮಷಿನ್ ನೋಡಿ, ಒಂದೇ ಮಷಿನ್ನು, ಒಂದೇ ಕೋಣೆಲಿ ಇದ್ದಿದ್ದು, ಮೇಲಿನ ಅರ್ಧ ಗಾಢ ಹಳದಿ ಕೆಳಗಿನ ಅರ್ಧ ತಿಳಿಬೂದು ಹಂಗೇ ಇರೋದು ಎಷ್ಟೋ ಸಿಗ್ತವೆ.

ಸಮಾಧಾನದ ವಿಷಯ ಏನಂದ್ರೆ ಈ ಹಳದಿ ಇರೋದು ಮೇಲಿನ ತೆಳು ಪದರದಲ್ಲಿ ಮಾತ್ರ, ಅದಕ್ಕೇ ವಾಪಸ್ ತರಕ್ಕೆ ಸಾಧ್ಯ. ಬೇಜಾರಿನ ವಿಷಯ ಏನಂದ್ರೆ ಅದೇ ಪದರ ಪೆಡಸೂ ಆಗಿರತ್ತೆ, ಬಣ್ಣ ವಾಪಸ್ ಬಂದ್ರೂ ಬಲ ವಾಪಸ್ ಬರಲ್ಲ. ಕವರಿನ ಲಾಕ್‌ಗಳನ್ನ ಬಿಚ್ಚುವಾಗ ಜೋಪಾನ, ಚಳಿ ಹೊತ್ತಲ್ಲಿ ಬೇಡ, ಹೇರ್ ಡ್ರೈಯರಿಂದ ಸ್ವಲ್ಪ ಬೆಚ್ಚಗೆ ಮಾಡ್ಕೊಂಡು ಬಿಚ್ಚಿ.

ಪ್ರಶ್ನೆ: ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಸಿಲಿಗಿಟ್ರೆ ಸರಿ ಹೋಗತ್ತೆ ಅಂತಾರೆ. ಎಷ್ಟು ಪರ್ಸೆಂಟ್ ತಗೋಬೇಕು? ಕೂದಲಿಗೆ ಹಚ್ಚೋ ಕ್ರೀಮ್ ಆಗತ್ತಾ ಅಥವಾ ನೀರಿನ ಹಾಗಿರೋದೇ ಬೇಕಾ? ಸ್ವಲ್ಪ ವಿವರವಾಗಿ ಹೇಳಿ ಸಾರ್.

ಉತ್ತರ: ಎರಡೂ ಆಗತ್ತೆ, ಆದ್ರೆ ನನ್ನ ಓಟು ಮುಳುಗಿಸೋದಕ್ಕೇ. ಈ ವಿಧಾನಕ್ಕೆ ರೆಟ್ರೋಬ್ರೈಟ್ ಅನ್ನೋ ಹೆಸರು ಬಂದಿದ್ದು 2008ರಲ್ಲಿ, ಹಳೇ ಕಂಪ್ಯೂಟರ್ ಹವ್ಯಾಸಿಗಳು ಸೇರಿ ಪ್ರಯೋಗ ಮಾಡಿ ಮಾಡಿ ಕಂಡ್ಕೊಂಡಿದ್ದು ಇದು. ಆಗ ಪೆರಾಕ್ಸೈಡ್ ಜೊತೆಗೆ ಬಟ್ಟೆ ಒಗೆಯೋ ಆಕ್ಸಿಜನ್ ಪುಡಿ ಒಂದು ಚಿಟಿಕೆ, ಗ್ಲಿಸರಿನ್, ಗಟ್ಟಿ ಆಗಕ್ಕೆ ಕ್ಸಾಂಥನ್ ಗಮ್ ಎಲ್ಲ ಹಾಕಿ ಜೆಲ್ ಮಾಡ್ಕೋತಿದ್ರು. ಆಮೇಲೆ ಕೂದಲಿನ ಬಣ್ಣಕ್ಕೆ ಬೆರೆಸೋ ಡೆವಲಪರ್ ಕ್ರೀಮ್ ರೆಡಿಯಾಗೇ ಸಿಗತ್ತಲ್ಲ ಅಂತ ಅದಕ್ಕೆ ಬಂದ್ರು. ಆ ಬಾಟಲಿ ಮೇಲೆ ವಾಲ್ಯೂಮ್ ಅಂತ ಬರ್ದಿರ್ತಾರೆ, 10 ವಾಲ್ಯೂಮ್ ಅಂದ್ರೆ 3 ಪರ್ಸೆಂಟ್, 20 ಅಂದ್ರೆ 6, 30 ಅಂದ್ರೆ 9, 40 ಅಂದ್ರೆ 12. ಒಂದು ಲೀಟರ್ ದ್ರಾವಣದಿಂದ ಎಷ್ಟು ಲೀಟರ್ ಆಕ್ಸಿಜನ್ ಹೊರಬರತ್ತೆ ಅನ್ನೋ ಲೆಕ್ಕ ಅದು.

ಕ್ರೀಮಿಗೆ 12 ಪರ್ಸೆಂಟಿಂದು ಬಳಸ್ತಾರೆ, ಮುಳುಗಿಸೋದಕ್ಕೆ 3ರಿಂದ 6 ಸಾಕು. ಜಾಸ್ತಿ ಪರ್ಸೆಂಟ್ ಇದ್ರೆ ಬೇಗ ಆಗತ್ತೆ ಅನ್ನೋ ಆಸೆ ಬೇಡ, ಬೇಗ ಆದಷ್ಟೂ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಆಗೋದು ಹೆಚ್ಚು. ಈ ಕೆಲ್ಸದಲ್ಲಿ ಎಷ್ಟು ತಿಳಿಯಾಯ್ತು ಅನ್ನೋದಕ್ಕಿಂತ ಎಷ್ಟು ಸಮನಾಗಿ ಆಯ್ತು ಅನ್ನೋದೇ ಮುಖ್ಯ, ಸ್ವಲ್ಪ ಹಳದಿ ಉಳಿದಿದ್ರೂ ಸಮನಾಗಿದ್ರೆ ಕಣ್ಣು ಒಪ್ಪತ್ತೆ, ಮಚ್ಚೆ ಮಚ್ಚೆ ಇದ್ರೆ ಒಪ್ಪಲ್ಲ.

ಮೊದಲು ಕವರನ್ನ ಪೂರ್ತಿ ಬರಿದು ಮಾಡ್ಬೇಕು. ಸ್ಕ್ರೂ, ಸ್ಪ್ರಿಂಗು, ತಗಡು, ಲೋಹದ ಹೆಸರುಪಟ್ಟಿ ಯಾವ್ದೂ ಇರ್ಬಾರ್ದು, ಕಬ್ಬಿಣ ತಾಮ್ರ ತಾಗಿದ್ರೆ ಪೆರಾಕ್ಸೈಡ್ ಸುಮ್ಮನೆ ನೊರೆಯಾಗಿ ಹಾಳಾಗತ್ತೆ, ಲೋಹಕ್ಕೂ ಕೇಡು. ಸ್ಟಿಕ್ಕರ್‌ಗಳನ್ನ ಹೇರ್ ಡ್ರೈಯರಿಂದ ಬೆಚ್ಚಗೆ ಮಾಡಿ ಒಂದು ಮೂಲೆಯಿಂದ ನಿಧಾನಕ್ಕೆ ಎಬ್ಬಿಸಿ. ಆಮೇಲೆ ಬೆಚ್ಚನೆ ನೀರು ಸೋಪಿನಲ್ಲಿ ಚೆನ್ನಾಗಿ ತೊಳೀರಿ, ಹಳೇ ಟೂತ್‌ಬ್ರಷ್ ತಗೊಂಡು ಗಾಳಿಕಿಂಡಿ ಸಂದಿಗಳನ್ನೆಲ್ಲ ಉಜ್ಜಿ, ಬೆರಳಿನ ಜಿಡ್ಡು ಇರೋ ಕಡೆ ಐಸೋಪ್ರೊಪೈಲ್ ಆಲ್ಕೋಹಾಲ್ ಒರೆಸಿ. ಜಿಡ್ಡು ಉಳಿದಿದ್ರೆ ಅಲ್ಲಿ ಪೆರಾಕ್ಸೈಡ್ ಸರಿಯಾಗಿ ಹಿಡಿಯಲ್ಲ, ಬೆರಳಿನ ಗುರುತು ಆಮೇಲೆ ಹಳದಿಯಾಗಿ ಎದ್ದು ಕಾಣತ್ತೆ.

ಪಾರದರ್ಶಕ ಪ್ಲಾಸ್ಟಿಕ್ ಅಥವಾ ಗಾಜಿನ ತೊಟ್ಟಿ ತಗೊಳ್ಳಿ, ಕವರ್ ಪೂರ್ತಿ ಮುಳುಗೋವಷ್ಟು ದ್ರಾವಣ ಬೇಕು, ಎಬಿಎಸ್ ನೀರಿಗಿಂತ ಸ್ವಲ್ಪವೇ ಭಾರ ಆಗಿರೋದ್ರಿಂದ ಗುಳ್ಳೆ ಹಿಡಿದ್ರೆ ತೇಲಿ ಬರತ್ತೆ, ಹಾಗಾಗಿ ಮೇಲೊಂದು ನೀರು ತುಂಬಿದ ಗಾಜಿನ ಸೀಸೆ ಇಟ್ಟು ಒತ್ತಿ. ಅರ್ಧ ಗಂಟೆ ಆದ್ಮೇಲೆ ಹೋಗಿ ನೋಡಿದ್ರೆ ಪ್ಲಾಸ್ಟಿಕ್ ಮೈಮೇಲೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಕೂತಿರ್ತವೆ, ಒಂದೊಂದು ಗುಳ್ಳೆನೂ ಆ ಜಾಗಕ್ಕೆ ದ್ರಾವಣ ತಾಗದ ಹಾಗೆ ತಡೀತಾ ಇರತ್ತೆ, ತೊಟ್ಟಿನ ಒಂದ್ಸಲ ಅಲ್ಲಾಡಿಸಿದ್ರೆ ಎಲ್ಲ ಒಟ್ಟಿಗೆ ಮೇಲಕ್ಕೆ ಓಡ್ತವೆ. ಇದನ್ನ ಅರ್ಧ ಗಂಟೆಗೊಮ್ಮೆ ಮಾಡಿ, ಗಂಟೆಗೊಮ್ಮೆ ಕವರ್ ಮಗುಚಿ ಹಾಕಿ. ಒಳ್ಳೆ ಬಿಸಿಲಿದ್ರೆ ನಾಲ್ಕರಿಂದ ಎಂಟು ಗಂಟೆ ಹಿಡೀಬಹುದು, ಗಾಢವಾಗಿದ್ರೆ ಮಾರನೇ ದಿನಕ್ಕೂ ಹೋಗತ್ತೆ. ಬಿಸಿಲೇ ಇಲ್ಲಾಂದ್ರೆ ಬರೀ ಶಾಖದಿಂದ್ಲೂ ಆಗತ್ತೆ, ದ್ರಾವಣ 60 ಡಿಗ್ರಿ ಆಸುಪಾಸು ಬೆಚ್ಚಗಿರೋ ಹಾಗೆ ನೋಡ್ಕೊಂಡ್ರೆ ಕತ್ತಲಲ್ಲೂ ಕೆಲ್ಸ ನಡೆಯತ್ತೆ, ಅದಕ್ಕಿಂತ ಜಾಸ್ತಿ ಬಿಸಿ ಮಾಡ್ಬೇಡಿ, ತೆಳು ಭಾಗಗಳು ಸೊಟ್ಟ ಆಗ್ತವೆ. ಪ್ರತಿ ಸಲ ಮಗುಚುವಾಗ ಆ ಒಳಮೈ ಬಣ್ಣದ ಜೊತೆ ಹೋಲಿಸಿ ನೋಡಿ, ಹತ್ತಿರ ಬಂತು ಅನ್ನಿಸಿದ ಕೂಡ್ಲೇ ತೆಗ್ದು ತೊಳ್ದುಬಿಡಿ.

ಇನ್ನೊಂದು ಮಾತು, ಇದನ್ನ ಓದದೆ ಶುರು ಮಾಡ್ಬೇಡಿ. 12 ಪರ್ಸೆಂಟ್ ಪೆರಾಕ್ಸೈಡ್ ಚರ್ಮಕ್ಕೆ ತಾಗಿದ್ರೆ ಆ ಜಾಗ ಬೆಳ್ಳಗಾಗಿ ಚುರುಚುರು ಉರಿಯತ್ತೆ, ಕಣ್ಣಿಗೆ ಹಾರಿದ್ರೆ ದೃಷ್ಟಿಗೇ ಅಪಾಯ, ಗ್ಲೌಸು, ಸೇಫ್ಟಿ ಕನ್ನಡಕ ಎರಡೂ ಬೇಕೇ ಬೇಕು. ತೊಟ್ಟಿಗೆ ಮುಚ್ಚಳ ಬಿಗಿ ಮಾಡ್ಬೇಡಿ, ಆಕ್ಸಿಜನ್ ತುಂಬಿ ಒಡೆದು ಹೋಗತ್ತೆ. ಮಕ್ಕಳು, ನಾಯಿ ಬೆಕ್ಕು ಓಡಾಡೋ ಕಡೆ ಇಡ್ಬೇಡಿ. ಉಳಿದಿದ್ದನ್ನ ಜಾಸ್ತಿ ನೀರು ಬೆರೆಸಿ ಚರಂಡಿಗೆ ಬಿಡ್ಬಹುದು, ಅದು ಕೊನೆಗೆ ನೀರು ಮತ್ತೆ ಆಕ್ಸಿಜನ್ನೇ ಆಗೋದು.

ಪ್ರಶ್ನೆ: ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟಿದ್ದೆ. ಈಗ ಕವರ್ ಮೇಲೆ ಬಿಳಿ ಪಟ್ಟೆ ಪಟ್ಟೆ ಬಂದಿದೆ, ಬ್ರಷ್ ಓಡಾಡಿದ ಗುರುತು ಕೂಡ ಹಂಗೇ ಕಾಣತ್ತೆ. ಹಾಳ್ ಮಾಡ್ಬಿಟ್ನಾ?

ಉತ್ತರ: ನಂಗೂ ಮೊದಲನೇ ಸಲ ಹಿಂಗೇ ಆಗಿತ್ತು, ಒಂದು ಮಾನಿಟರ್ ಕವರಿಗೆ, ಅವತ್ತು ಸಂಜೆ ಹಾಳೆ ಬಿಚ್ಚಿ ನೋಡಿದಾಗ ಹೊಟ್ಟೇಲಿ ಕಸಿವಿಸಿ ಆಗಿದ್ದು ಇನ್ನೂ ನೆನಪಿದೆ. ಹಾಳೆ ಸುಕ್ಕಾಗಿದ್ದ ಕಡೆಯೆಲ್ಲ ಒಂದೊಂದು ಸುಕ್ಕಿನ ಗೆರೆನೂ ಅಚ್ಚೊತ್ತಿದ ಹಾಗೆ ಬಿಳಿಯಾಗಿ ಕೂತಿತ್ತು. ಕಾರಣ ಇಷ್ಟೇ, ಕ್ರೀಮ್ ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ರೆ, ಅಥವಾ ಒಂದು ಕಡೆ ಒಣಗಿದ್ರೆ, ಅಲ್ಲಲ್ಲಿ ಬೇರೆ ಬೇರೆ ವೇಗದಲ್ಲಿ ಬಣ್ಣ ಹೋಗತ್ತೆ. ಹಾಳೆ ಕೆಳಗೆ ಗಾಳಿ ಗುಳ್ಳೆ ಉಳಿದಿದ್ರೂ ಅಷ್ಟೇ.

ಪೂರ್ತಿ ಹಾಳಾಗಿಲ್ಲ. ಪಟ್ಟೆಯ ತಿಳಿ ಭಾಗ ನಿಮ್ಮ ಒಳಮೈ ಬಣ್ಣಕ್ಕಿಂತ ಇನ್ನೂ ತಿಳಿ ಆಗಿಲ್ಲಾಂದ್ರೆ, ಚೆನ್ನಾಗಿ ತೊಳ್ದು ಅದೇ ಕವರನ್ನ 3 ಪರ್ಸೆಂಟ್ ದ್ರಾವಣದಲ್ಲಿ ಪೂರ್ತಿ ಮುಳುಗಿಸಿ ಮತ್ತೊಂದ್ಸಲ ಮಾಡಿ, ಹಳದಿ ಉಳಿದಿರೋ ಭಾಗ ತಿಳಿ ಭಾಗನ ಹಿಂದಿನಿಂದ ಬಂದು ಸೇರ್ಕೊಳ್ಳತ್ತೆ, ಮಾನಿಟರ್ ಕವರ್ ನಾನು ಹಂಗೇ ಸರಿ ಮಾಡಿದ್ದು, ಎರಡು ದಿನ ಹಿಡೀತು. ಆದ್ರೆ ತಿಳಿ ಭಾಗ ಸುಣ್ಣದ ಪುಡಿ ಹಚ್ಚಿದ ಹಾಗೆ ಮಂಕಾಗಿದ್ರೆ ಮೇಲ್ಪದರ ಸುಟ್ಟಿದೆ ಅಂತ ಅರ್ಥ, ಅದನ್ನ ಪೆರಾಕ್ಸೈಡ್ ಸರಿ ಮಾಡಲ್ಲ, ಅಲ್ಲಿಗೇ ನಿಲ್ಸಿ. ಇನ್ಮೇಲೆ ಕ್ರೀಮೇ ಬಳಸೋದಾದ್ರೆ ದಪ್ಪಗೆ ಹಚ್ಚಿ, ಅರ್ಧ ಗಂಟೆಗೊಮ್ಮೆ ಹಾಳೆ ಎತ್ತಿ ಬ್ರಷ್ಷಲ್ಲಿ ಕಲಸಿ ಹೊಸದು ಸೇರಿಸಿ, ಒಣಗೋಕೆ ಒಂದ್ ನಿಮಿಷನೂ ಬಿಡ್ಬೇಡಿ. ಕಂದು, ಕಡು ಬೂದು ಬಣ್ಣದ ಕವರಿಗೆ ಇದರ ಸಹವಾಸವೇ ಬೇಡ, ಅವು ಬಹಳ ಬೇಗ ಬಿಳಿಚಿಕೊಳ್ತವೆ.

ಪ್ರಶ್ನೆ: ನನ್ನ ಹತ್ರ ಇರೋ ಹಳೇ ಕೀಬೋರ್ಡಲ್ಲಿ ಎಲ್ಲಾ ಕೀ ಚೆನ್ನಾಗಿದೆ, ಸ್ಪೇಸ್ ಬಾರ್ ಒಂದೇ ಹಳದಿ. ಯಾರಾದ್ರೂ ಬೇರೆ ಕೀಬೋರ್ಡಿಂದ ತಂದು ಹಾಕಿದ್ರಾ ಅಂತ ಡೌಟು.

ಉತ್ತರ: ಡೌಟ್ ಬೇಡ, ಅದು ಅದರದ್ದೇ ಸ್ಪೇಸ್ ಬಾರ್. ಒಳ್ಳೇ ಕೀಬೋರ್ಡ್‌ಗಳಲ್ಲಿ ಕೀಗಳನ್ನ ಪಿಬಿಟಿ ಅನ್ನೋ ಬೇರೆ ಪ್ಲಾಸ್ಟಿಕ್ಕಲ್ಲಿ ಮಾಡ್ತಿದ್ರು, ಅದರಲ್ಲಿ ಬ್ಯುಟಾಡೈನ್ ರಬ್ಬರ್ ಇಲ್ಲ, ಹಳದಿ ಆಗೋದೂ ಇಲ್ಲ ಅನ್ನೋವಷ್ಟು ಕಮ್ಮಿ. ಆದ್ರೆ ಪಿಬಿಟಿ ಅಚ್ಚಿಂದ ತೆಗೆದ ಮೇಲೆ ತಣ್ಣಗಾಗ್ತಾ ಜಾಸ್ತಿ ಕುಗ್ಗತ್ತೆ, ಸಣ್ಣ ಕೀಗೆ ಅದು ಗೊತ್ತಾಗಲ್ಲ, ಸ್ಪೇಸ್ ಬಾರಿನಂಥ ಉದ್ದ ತುಂಡಿಗೆ ಬಾಳೆಹಣ್ಣಿನ ಹಾಗೆ ಬಾಗಿಬಿಡತ್ತೆ. ಅದಕ್ಕೆ ಅದೊಂದನ್ನ ಎಬಿಎಸ್‌ನಲ್ಲಿ ಮಾಡ್ತಿದ್ರು. ಸ್ಪೇಸ್ ಬಾರ್ ಒಂದನ್ನೇ ತೆಗ್ದು, ಕೆಳಗಿನ ತಂತಿ ಬಿಡಿಸಿ, ಒಂದು ಗಾಜಿನ ತಟ್ಟೇಲಿ ಮುಳುಗಿಸಿ. ಈ ಕೆಲ್ಸ ಕಲಿಯೋಕೆ ಇದಕ್ಕಿಂತ ಒಳ್ಳೇ ತುಂಡು ಇಲ್ಲ, ಪಕ್ಕದಲ್ಲೇ ಹೋಲಿಸಕ್ಕೆ ಅಸಲಿ ಬಣ್ಣದ ಕೀಗಳು ಸಾಲಾಗಿ ಇದಾವೆ.

ಪ್ರಶ್ನೆ: ಮ್ಯಾಕಿಂಟಾಷ್ ಎಸ್‌ಇ 30 ಒಂದು ಸಿಕ್ಕಿದೆ. ಆನ್ ಮಾಡಿ ನೋಡಿಲ್ಲ. ಮೊದಲು ಕವರ್ ಬೆಳ್ಳಗೆ ಮಾಡ್ಕೊಂಡು ಆಮೇಲೆ ಒಳಗೆ ನೋಡೋಣ ಅಂತಿದೀನಿ. ಬಿಚ್ಚೋದು ಹೆಂಗೆ?

ಉತ್ತರ: ದಯವಿಟ್ಟು ಉಲ್ಟಾ ಮಾಡಿ. ಹಳದಿ ಕವರ್ ಇನ್ನೂ ಹತ್ತು ವರ್ಷ ಹಂಗೇ ಇದ್ರೂ ಮಷಿನ್ನಿಗೆ ಏನೂ ಆಗಲ್ಲ, ಆದ್ರೆ ಒಳಗೆ ಒಂದು 3.6 ವೋಲ್ಟಿನ ಪುಟ್ಟ ಲಿಥಿಯಂ ಬ್ಯಾಟರಿ ಇದೆ, ಮಾಮೂಲಿ ಡಬಲ್ ಎ ಸೆಲ್ಲಿನ ಅರ್ಧ ಉದ್ದದ್ದು, ಅದು ಸೋರಿದ್ರೆ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದು ಹಾಕತ್ತೆ. 1989ರ ಮಷಿನ್ನು ಅದು, ಬ್ಯಾಟರಿ ಅವತ್ತಿಂದೇ ಇದ್ರೂ ಇರ್ಬಹುದು. ಇವತ್ತೇ ತೆಗೀರಿ. ಬೋರ್ಡ್ ಮೇಲಿರೋ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳೂ ಈ ಮಾಡೆಲ್ಲಲ್ಲಿ ಸೋರೋದು ಮಾಮೂಲು, ಅವನ್ನ ಬದಲಾಯಿಸೋವರೆಗೂ ಆನ್ ಮಾಡದಿದ್ರೆ ಒಳ್ಳೇದು.

ಬಿಚ್ಚೋದಕ್ಕೆ ಟಾರ್ಕ್ಸ್ ಟಿ 15 ಅನ್ನೋ, ನಕ್ಷತ್ರದಂಥ ತುದಿಯ ಉದ್ದ ಸ್ಕ್ರೂಡ್ರೈವರ್ ಬೇಕು, ಹಿಂದೆ ನಾಲ್ಕು ಸ್ಕ್ರೂ, ಅದರಲ್ಲಿ ಎರಡು ಮೇಲಿನ ಹಿಡಿಕೆ ಒಳಗೆ ತುಂಬಾ ಆಳದಲ್ಲಿರ್ತವೆ, ಮಾಮೂಲಿ ಸ್ಕ್ರೂಡ್ರೈವರ್ ಮುಟ್ಟಲ್ಲ. ಮುಖ ಕೆಳಗೆ ಮಾಡಿ ಮೆತ್ತನೆ ಬಟ್ಟೆ ಮೇಲೆ ಮಲಗಿಸಿ ಹಿಂದಿನ ಕವರನ್ನ ನೇರ ಮೇಲಕ್ಕೆ ಎತ್ತಿ, ಪಿಕ್ಚರ್ ಟ್ಯೂಬಿನ ಕತ್ತು ಹಿಂಭಾಗದಲ್ಲೇ ಇರತ್ತೆ, ಕವರ್ ಓರೆಯಾಗಿ ತಾಗಿದ್ರೆ ಟಕ್ ಅಂತ ಮುರಿಯತ್ತೆ, ಮುರಿದ್ರೆ ಆ ಟ್ಯೂಬಿನ ಕಥೆ ಮುಗೀತು. ಟ್ಯೂಬಿನ ಆನೋಡ್ ಅಂದ್ರೆ ಆ ರಬ್ಬರ್ ಟೋಪಿ ಕೆಳಗೆ 10,000 ವೋಲ್ಟಿಗೂ ಮೀರಿ ಇರತ್ತೆ, ಪ್ಲಗ್ ತೆಗೆದ ಮೇಲೂ ಉಳ್ಕೊಂಡಿರ್ಬಹುದು. ಅದನ್ನ ಡಿಸ್ಚಾರ್ಜ್ ಮಾಡಿ, ಅಂದ್ರೆ ಉಳಿದಿರೋ ವಿದ್ಯುತ್ ಇಳಿಸಿ ಅಭ್ಯಾಸ ಇಲ್ದಿದ್ರೆ ಹಳೇ ಟಿವಿ ರಿಪೇರಿ ಮಾಡಿದೋರ ಹತ್ರ ಮೊದಲ ಸಲ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲೀರಿ. ಮುಂದಿನ ಕವರನ್ನ ಟ್ಯೂಬ್ ತೆಗೀದೆ ಮುಳುಗಿಸೋಕೆ ಆಗಲ್ಲ ಅನ್ನೋದೂ ಗಮನದಲ್ಲಿರಲಿ.

ಪ್ರಶ್ನೆ: ಯಾವ ಕೆಮಿಕಲ್ಲೂ ಇಲ್ದೆ ಬರೀ ಬಿಸಿಲಲ್ಲಿಟ್ರೆ ಸಾಕು ಅಂತ ಒಬ್ರು ಹೇಳಿದ್ರು. ಬಿಸಿಲಿಂದ್ಲೇ ಹಳದಿ ಆಗೋದು ಅಂತೀರ, ಬಿಸಿಲಿಂದ್ಲೇ ಹೋಗತ್ತಾ?

ಉತ್ತರ: ಕೇಳಕ್ಕೆ ವಿಚಿತ್ರ ಅನ್ಸತ್ತೆ, ಆದ್ರೆ ಕೆಲವು ಮಷಿನ್ನುಗಳಲ್ಲಿ ನಿಜವಾಗ್ಲೂ ಆಗತ್ತೆ. ಹಳದಿ ಬಣ್ಣದ ಆ ರಚನೆಗಳು ಬೆಳಕನ್ನ ಹೀರ್ಕೊಂಡು ತಾವೇ ಮುರಿದು ಬೀಳ್ತವೆ, ಅದೇ ಹೊತ್ತಿಗೆ ಅಲ್ಟ್ರಾವಯಲೆಟ್ ಹೊಸ ಹಳದಿನೂ ಹುಟ್ಟಿಸ್ತಾ ಇರತ್ತೆ, ಯಾವ್ದು ಗೆಲ್ಲತ್ತೆ ಅನ್ನೋದು ಪ್ಲಾಸ್ಟಿಕ್ ಮೇಲೆ ಹೋಗತ್ತೆ. ಕೆಲವರಿಗೆ ನಾಲ್ಕೈದು ದಿನದಲ್ಲಿ ಚೆನ್ನಾಗಿ ತಿಳಿಯಾಗಿದೆ, ಕೆಲವರಿಗೆ ಇನ್ನೂ ಗಾಢ ಆಗಿದೆ. ಪ್ರಯತ್ನ ಮಾಡೋದಾದ್ರೆ ಡ್ರೈವ್ ಮುಚ್ಚಳದಂಥ ಸಣ್ಣ ತುಂಡಿನ ಅರ್ಧಕ್ಕೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಎರಡು ದಿನ ಇಟ್ಟು ನೋಡಿ, ಫಾಯಿಲ್ ಬಿಚ್ಚಿದಾಗ ಎರಡೂ ಭಾಗ ಅಕ್ಕಪಕ್ಕ ನೋಡಿದ್ರೆ ಉತ್ತರ ಅಲ್ಲೇ ಇರತ್ತೆ. ಉರಿಬಿಸಿಲಲ್ಲಿ ತಗಡಿನ ಮೇಲೆ ಇಡ್ಬೇಡಿ, ಕವರ್ ಬಾಗತ್ತೆ.

ಪ್ರಶ್ನೆ: ಬ್ಲೀಚ್, ಟೂತ್‌ಪೇಸ್ಟ್, ಸ್ಯಾಂಡ್‌ಪೇಪರ್, ಅಸಿಟೋನ್, ಇದರಲ್ಲಿ ಯಾವ್ದು ಬೆಸ್ಟ್?

ಉತ್ತರ: ಯಾವ್ದೂ ಬೇಡ. ಬಟ್ಟೆ ಬ್ಲೀಚ್ ಹಳದಿ ತೆಗಿಯಲ್ಲ, ಪ್ಲಾಸ್ಟಿಕ್ ಕೆಡಿಸತ್ತೆ. ಟೂತ್‌ಪೇಸ್ಟು ಸ್ಯಾಂಡ್‌ಪೇಪರು ಎರಡೂ ಕವರಿನ ಮೇಲಿರೋ ಸಣ್ಣ ತರಿತರಿ ಮೈಯನ್ನ ಸವೆಸ್ತವೆ, ಅದು ಅಚ್ಚಿಂದ್ಲೇ ಬಂದಿರೋದು, ಒಂದ್ಸಲ ಹೋದ್ರೆ ಮತ್ತೆ ಬರಲ್ಲ. ಅಸಿಟೋನ್ ಎಬಿಎಸ್‌ನ ಕರಗಿಸಿಬಿಡತ್ತೆ, ಮುರಿದ ತುಂಡು ಅಂಟಿಸಕ್ಕೆ ಅದು ಒಳ್ಳೇದು ಬಣ್ಣಕ್ಕಲ್ಲ, ಮತ್ತೆ ಅದು ಪೆರಾಕ್ಸೈಡ್ ಜೊತೆ ಸೇರಿದ್ರೆ ಸ್ಫೋಟಕ ಆಗತ್ತೆ, ಎರಡನ್ನೂ ಒಂದೇ ಮೇಜಿನ ಮೇಲೆ ಇಡ್ಬೇಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಾಡಿದ್ದೆ, ಚೆನ್ನಾಗೇ ಬಂದಿತ್ತು, ಈಗ ಮತ್ತೆ ಹಳದಿ ಶುರುವಾಗಿದೆ. ಪೇಂಟ್ ಹೊಡ್ಸಿಬಿಡ್ಲಾ? ಅಥವಾ ಮೇಲೆ ವಾರ್ನಿಷ್ ಥರ ಏನಾದ್ರೂ ಹಚ್ಲಾ?

ಉತ್ತರ: ವಾಪಸ್ ಬರೋದು ನಿಮ್ಮ ತಪ್ಪಲ್ಲ. ಪೆರಾಕ್ಸೈಡ್ ಬಣ್ಣನ ತೆಗ್ದಿದೆ ಅಷ್ಟೇ, ಬ್ಯುಟಾಡೈನ್ ಇನ್ನೂ ಅಲ್ಲೇ ಇದೆ, ಆಕ್ಸಿಜನ್ ಇನ್ನೂ ಗಾಳೀಲಿದೆ. ಕೆಲವು ಕವರ್ ವರ್ಷಗಟ್ಲೆ ತಡ್ಕೊಳ್ತವೆ, ಕೆಲವು ಕೆಲವೇ ತಿಂಗಳಲ್ಲಿ ತಿರುಗ್ತವೆ. ಪೇಂಟ್ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಆ ತರಿತರಿ ಮೈ ಮುಚ್ಚಿ ಹೋಗತ್ತೆ, ಅಕ್ಷರಗಳು ಮುಚ್ಚಿ ಹೋಗ್ತವೆ, ಮುಂದೆ ಯಾರಾದ್ರೂ ಅಸಲಿಗೆ ತರ್ಬೇಕು ಅಂದ್ರೂ ಆಗಲ್ಲ. ವಾರ್ನಿಷ್ಷೂ ಹಂಗೇ, ಒಂಥರಾ ಹೊಳಪು ಬರತ್ತೆ, ಆ ಹೊಳಪು ಅವತ್ತಿನ ಮಷಿನ್ನಲ್ಲಿ ಇರ್ಲಿಲ್ಲ.

ಈಗಿರೋ ಹಳದಿ ತಿಳಿಯಾಗಿದ್ದು ಸಮನಾಗಿದ್ರೆ ಸದ್ಯ ಮುಟ್ಬೇಡಿ, ಪದೇ ಪದೇ ಮಾಡಿದಷ್ಟೂ ಮೇಲ್ಪದರ ಸೊರಗತ್ತೆ. ಕಿಟಕಿಯಿಂದ ದೂರ, ತಂಪಾಗಿರೋ ಕಡೆ ಇಡಿ, ಮೇಲೆ ಹತ್ತಿ ಬಟ್ಟೆ ಹೊದಿಸಿ. ಮುಂದೆ ಯಾವಾಗಾದ್ರೂ ಮತ್ತೆ ಮಾಡೋದಾದ್ರೆ ಒಂದು ಸಣ್ಣ ಚೀಟೀಲಿ ತಾರೀಖು, ಎಷ್ಟು ಪರ್ಸೆಂಟ್, ಎಷ್ಟು ಗಂಟೆ, ಬಿಸಿಲಾ ಶಾಖನಾ ಅಂತ ಬರ್ದು ಕವರಿನ ಒಳಮೈಗೆ ಅಂಟಿಸಿ. ಹತ್ತು ವರ್ಷ ಆದ್ಮೇಲೆ ಅದನ್ನ ಬಿಚ್ಚೋರು ನೀವೇ ಆಗ್ಲಿ ಬೇರೆಯವರೇ ಆಗ್ಲಿ, ಮೊದಲು ಹುಡುಕೋದು ಅದನ್ನೇ.